ಬಣ್ಣದಡಿಯ ಗಿಳಿ

ಮನೆಯಿಂದ,
ಬುಧವಾರ. ಅಲ್ಲ, ಆಗಲೇ ಗುರುವಾರವಾಗಿಬಿಟ್ಟಿದೆ. ರಾತ್ರಿ ಎರಡೂವರೆ.

ಪ್ರೀತಿಯ ಅಮ್ಮಾ,

ಎಚ್ಚರವಾದದ್ದು ಪುಟ್ಟಿ ಅತ್ತಿದ್ದಕ್ಕಲ್ಲ. ಫ್ಯಾನಿನ ಗಾಳಿಗೆ ಕುರ್ಚಿಯ ಮೇಲಿನ ಪ್ಲಾಸ್ಟಿಕ್ ಕವರು ಸರಸರ ಅಂದದ್ದಕ್ಕೆ. ಅದರೊಳಗೆ ಏನಿದೆ ಅಂತ ಆಮೇಲೆ ಹೇಳುತ್ತೇನೆ. ಮೊದಲು ನಿನ್ನ ಮಂಡಿನೋವು ಹೇಗಿದೆ? ತಮ್ಮನ ಮನೆಯ ಮೆಟ್ಟಿಲನ್ನು ಸುಮ್ಮಸುಮ್ಮನೆ ಹತ್ತಿಳಿಯಬೇಡ. ಸೊಸೆಯ ಬಾಣಂತನಕ್ಕೆ ಹೋದವಳು ನೀನೇ ಹಾಸಿಗೆ ಹಿಡಿದರೆ ನೀರು ಕಾಯಿಸುವವರು ಯಾರು? ನಿನ್ನ ಮೊಮ್ಮಗಳು ಪುಟ್ಟಿಗೆ ಕೆಳಗೆ ಎರಡು ಹಲ್ಲು ಬಂದಿವೆ. ಕಚ್ಚುತ್ತಾಳೆ, ಕಚ್ಚಿ ನಗುತ್ತಾಳೆ. ಥೇಟ್ ನಿನ್ನ ನಗು. ನೀನು ಒಂಬತ್ತಕ್ಕೆಲ್ಲ ಫೋನು ಆಫ್ ಮಾಡಿ ಮಲಗುವವಳು, ಎಚ್ಚರವಿದ್ದಾಗಲೂ ಕಾರ್ಖಾನೆಯ ಹಳೇ ದಿನಗಳನ್ನು ಕೆದಕಿದರೆ ‘ಹಾಲು ಉಕ್ತಾ ಇದೆ, ಇಡ್ತೀನಿ’ ಅನ್ನುತ್ತೀ. ಅದಕ್ಕೇ ಬರೆದು, ಹಾಳೆಗಳ ಫೋಟೋ ತೆಗೆದು ತಮ್ಮನಿಗೆ ಕಳಿಸುತ್ತಿದ್ದೇನೆ. ಬೇಕರಿಯ ರಾತ್ರಿಪಾಳಿ ಮುಗಿಸಿ ಬಂದ ತಕ್ಷಣ ಅವನು ನಿನ್ನನ್ನು ಎಬ್ಬಿಸಿ ಓದಿ ಹೇಳಲಿ. ಲೋ ತಮ್ಮಾ, ನಾಟಕದ ದನಿಯಲ್ಲಿ ಓದಬೇಡ ಕಣೋ, ಕೈಮುಗಿಯುತ್ತೇನೆ.

ಹೊಸ ಕಾನೂನು ನಿನಗೆ ಗೊತ್ತೇ ಇದೆ. ಟಿವಿಯಲ್ಲಿ ಅದನ್ನು ಹೇಳಿದ ದಿನ ನಾನು ಪುಟ್ಟಿಯನ್ನು ಎತ್ತಿಕೊಂಡು ಕುಣಿದದ್ದನ್ನು ನೀನೇ ನೋಡಿದ್ದೀ. ಹೆಂಗಸರು ದುಡಿಯುವ ಪ್ರತಿ ದೊಡ್ಡ ಕಾರ್ಖಾನೆಯಲ್ಲೂ ಮಕ್ಕಳ ಕೋಣೆ ಇರಲೇಬೇಕು, ಆಯಾ ಇರಬೇಕು, ಹಾಲೂಡಿಸಲು ತಾಯಂದಿರನ್ನು ಬಿಡಬೇಕು. ಇದನ್ನೆಲ್ಲ ಮಾಡಿದವರಿಗಷ್ಟೇ ಸರ್ಕಾರದ ಸಮವಸ್ತ್ರದ ಆರ್ಡರು. ಹೆರಿಗೆ ರಜೆ ಮುಗಿದ ಮೇಲೆ ಪುಟ್ಟಿಯನ್ನು ಎಲ್ಲಿ ಬಿಡಲಿ ಅಂತ ತಲೆ ಚಚ್ಚಿಕೊಳ್ಳುತ್ತಿದ್ದವಳಿಗೆ ದೇವರೇ ಟಿವಿಯಲ್ಲಿ ಬಂದ ಹಾಗಾಗಿತ್ತು. ಕೆಲಸ ಬಿಡಬೇಕಾಗಿಲ್ಲ, ನೀನು ಎರಡು ಮನೆಗಳ ನಡುವೆ ಓಡಾಡಬೇಕಾಗಿಲ್ಲ. ಇವತ್ತು ಬೆಳಿಗ್ಗೆ ಸಮಾನತಾ ಇಲಾಖೆಯ ಅಧಿಕಾರಿ ನಮ್ಮ ಕಾರ್ಖಾನೆಯನ್ನು ನೋಡಲು ಬರುತ್ತಾರೆ.

ನಿನ್ನೆ ಮಧ್ಯಾಹ್ನ ಸೀಟಿ ಮೇಡಮ್ಮು ಮಗುವನ್ನು ಕರಕೊಂಡು ಬಾ ಅಂತ ಹೇಳಿಕಳಿಸಿದ್ದಳು. ನಿನ್ನ ಪಕ್ಕದ ಮಿಶಿನ್ನಿನಲ್ಲಿ ಕಾಲರ್ ಹೊಲಿಯುತ್ತಿದ್ದವಳು ಈಗ ಕೊರಳಿಗೆ ಸೀಟಿ ಕಟ್ಟಿಕೊಂಡು ನಮ್ಮೆಲ್ಲರ ಮೇಲ್ವಿಚಾರಕಿ. ಹೋದೆ. ನೂಲಿನ ಉಗ್ರಾಣವನ್ನು ಖಾಲಿ ಮಾಡಿ, ಹಸಿರು ಬಣ್ಣ ಬಳಿದು, ಗೋಡೆಗೆ ಬಾತುಕೋಳಿ ಬರೆಸಿದ್ದಾರೆ. ತೊಟ್ಟಿಲುಗಳು ಸಾಲಾಗಿ ನಿಂತಿವೆ. ಬಿಳಿ ಏಪ್ರನ್ ಹಾಕಿಕೊಂಡು ಬಾಗಿಲಲ್ಲಿ ನಿಂತ ಆಯಾ ಯಾರು ಅಂದುಕೊಂಡೆ? ನಮ್ಮ ಇಸ್ತ್ರಿ ವಿಭಾಗದ ಅಕ್ಕ! ‘ಯಾವಾಗಿಂದ ಈ ಕೆಲಸ?’ ಅಂದರೆ, ‘ನಾಳೆ ಒಂದಿನಕ್ಕೆ ಕಣೆ. ನಾಳಿದ್ದು ಮತ್ತೆ ಇಸ್ತ್ರಿಪೆಟ್ಟಿಗೆನೇ ನನ್ನ ಕೂಸು’ ಅಂತ ನಕ್ಕಳು. ನನಗೆ ನಗು ಬರಲಿಲ್ಲ. ಸೀಟಿ ಮುಚ್ಚುಮರೆ ಮಾಡಲೇ ಇಲ್ಲ. ‘ತೊಟ್ಟಿಲು ಬಾಡಿಗೆಗೆ ಸಿಕ್ತು, ಮಕ್ಕಳು ಸಿಗಬೇಕಲ್ಲ. ಒಂದು ದಿನ ತಂದು ಮಲಗಿಸಮ್ಮ, ಮಗು ಏನು ಸವೆದು ಹೋಗುತ್ತಾ? ನೀನು ರಜೆ ಮುಗಿಸಿ ಬಂದಾಗ ನಿನಗೆ ಹಗಲು ಪಾಳಿ, ನನ್ನ ಮಾತು’ ಅಂದಳು. ತರದಿದ್ದರೆ ಅಂತ ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಕಾರ್ಖಾನೆಯ ಗುರುತು ಹೊಲಿದ ಒಂದು ಹಳದಿ ಫ್ರಾಕನ್ನು ಕೈಗಿಟ್ಟಳು. ಕವರಿನೊಳಗೆ ಸರಸರ ಅನ್ನುತ್ತಿರುವುದು ಅದೇ.

ಇವರನ್ನು ಕೇಳಿದೆ. ‘ನೀನು ಹೆಂಗಂತೀಯೋ ಹಂಗೆ, ನಂದೇನೂ ಅಡ್ಡಿ ಇಲ್ಲ’ ಅಂತ ಮಗ್ಗುಲಾದರು. ಒಳ್ಳೆಯವರೇ, ಲಂಗೋಟಿ ಒಗೆಯುತ್ತಾರೆ, ಪುಟ್ಟಿಯನ್ನು ತಟ್ಟಿ ಮಲಗಿಸುತ್ತಾರೆ. ಆದರೆ ನಮ್ಮ ಮನೆಯ ಸಮಾನತೆ ಹೀಗಿದೆ ನೋಡು: ತೀರ್ಮಾನ ನನ್ನ ಪಾಲಿಗೆ, ಗೊರಕೆ ಅವರ ಪಾಲಿಗೆ. ಹಾಲ್‌ನಲ್ಲಿ ಈ ಕಡೆಯಿಂದ ಆ ಕಡೆಗೆ ನಡೆದು ನಡೆದು ಕಾಲು ನೋಯುತ್ತಿದೆ. ಪುಟ್ಟಿಯನ್ನು ಒಯ್ದರೆ ಕೋಣೆ ಇದೆ ಅಂತ ಬರೆದುಕೊಂಡು ಹೋಗುತ್ತಾರೆ; ನಾಳೆಯೇ ನೂಲಿನ ರಟ್ಟಿನ ಪೆಟ್ಟಿಗೆಗಳು ವಾಪಸು. ಒಯ್ಯದಿದ್ದರೆ ನನಗೆ ರಾತ್ರಿಪಾಳಿ. ಅಲ್ಲಿಗೆ ನನ್ನ ಕೆಲಸ ಹೋಯಿತು ಅಂತಲೇ ಲೆಕ್ಕ. ಎತ್ತ ಹೋದರೂ ಗೋಡೆ. ಆ ಅಧಿಕಾರಿ ಒಳ್ಳೆಯವರೇ ಇರಬಹುದು, ಕಾನೂನೂ ಒಳ್ಳೆಯದೇ. ಆದರೆ ತುಂಬಿದ ತೊಟ್ಟಿಲು ನೋಡಿದವರಿಗೆ ಸುಳ್ಳು ಹೇಗೆ ಕಂಡೀತು?

ಇನ್ನೊಂದು ಇದೆ, ಅದನ್ನು ಬರೆಯಲು ಕೈ ಬರುತ್ತಿಲ್ಲ. ನಿನ್ನೆ ಆ ಕೋಣೆಯಲ್ಲಿ ಪುಟ್ಟಿಗೆ ಹಸಿ ಬಣ್ಣದ ವಾಸನೆಗೆ ಕೆಮ್ಮು ಬಂತು ಅಂತ ಕಿಟಕಿ ಪಕ್ಕ ಹೋದೆ. ಅಲ್ಲಿ ಬಣ್ಣ ತೆಳುವಾಗಿ ಬಳಿದಿದ್ದಾರೆ. ಬಾತುಕೋಳಿಯ ರೆಕ್ಕೆಯ ಕೆಳಗೆ ಒಂದು ಕೆಂಪು ಕೊಕ್ಕು. ಗಿಳಿಯ ಕೊಕ್ಕು. ನಮ್ಮ ಹಾಲ್‌ನಲ್ಲಿ ತೂಗುಹಾಕಿರುವ ನಿನ್ನ ಫೋಟೋದಲ್ಲಿ, ಕಾರ್ಖಾನೆ ನೋಡಲು ಬಂದ ಮಹಿಳಾ ಮಂತ್ರಿಗಳು ಕೂಸಾಗಿದ್ದ ನನ್ನನ್ನು ಎತ್ತಿಕೊಂಡು ನಿಂತಿದ್ದಾರಲ್ಲ, ಅವರ ಹೆಗಲ ಹಿಂದೆ ಇರುವ ಅದೇ ಗಿಳಿ. ‘ಮಂತ್ರಿಗಳ ಮಡಿಲಲ್ಲೇ ಉಚ್ಚೆ ಹೊಯ್ದ ಧೈರ್ಯವಂತೆ’ ಅಂತ ನೀನು ಬಂದವರಿಗೆಲ್ಲ ಹೇಳುವ ಫೋಟೋ. ನೀನು ಹೇಳುವ ಇನ್ನೊಂದು ಕತೆಯೂ ಇದೆ: ನಡೆಯುವ ತನಕ ನಾನು ಬೆಳೆದದ್ದು ನಿನ್ನ ಮಿಶಿನ್ನಿನ ಕೆಳಗೆ, ಚಿಂದಿ ಬುಟ್ಟಿಯಲ್ಲಿ, ಸೂಪರ್‌ವೈಸರ್ ಬಂದರೆ ಮೇಲೊಂದು ಬಟ್ಟೆ ಮುಚ್ಚಿ. ಎರಡೂ ಕತೆಗೆ ಇಷ್ಟು ವರ್ಷ ನಗುತ್ತಾ ಬಂದೆ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದ್ದು ನಿನ್ನೆಯೇ.

ಅಷ್ಟು ಚಂದದ ಗಿಳಿಗಳ ಕೋಣೆ ಇದ್ದರೆ ನಾನು ಬುಟ್ಟಿಯಲ್ಲಿ ಯಾಕಿದ್ದೆ ಅಮ್ಮಾ?

ಸಿಟ್ಟಲ್ಲ, ಆಣೆಗೂ ಸಿಟ್ಟಲ್ಲ. ನಿನಗೂ ಯಾರೋ ಹಗಲು ಪಾಳಿ ಅಂದಿರಬೇಕು. ಪುಟ್ಟಿ ಮಗ್ಗುಲು ಬದಲಿಸುತ್ತಿದ್ದಾಳೆ, ನಿಲ್ಲಿಸುತ್ತೇನೆ. ಸೊಸೆಗೂ ಹೊಸ ಕೂಸಿಗೂ ನನ್ನ ಮುತ್ತು. ನಿನ್ನ ಕಾಲಿಗೆ ಬಿಸಿ ಬಟ್ಟೆಯ ಶಾಖ ಕೊಟ್ಟುಕೋ, ಮರೆಯಬೇಡ.

ನಿದ್ದೆಗೆಟ್ಟ ನಿನ್ನ,
ಚಿಂದಿ ಬುಟ್ಟಿಯ ರಾಜಕುಮಾರಿ

ಮರೆತೆ: ಫೋಟೋವನ್ನು ಗೋಡೆಯಿಂದ ಇಳಿಸಿದ್ದೇನೆ. ಪುಟ್ಟಿಯ ಲಂಗೋಟಿ ಚೀಲದಲ್ಲಿ ಅಡಗಿಸಿದ್ದೇನೆ. ಕಾರ್ಖಾನೆಯ ವ್ಯಾನು ಏಳೂವರೆಗೆ ಬರುತ್ತದೆ. ಪುಟ್ಟಿಯನ್ನು ಒಯ್ಯುತ್ತೇನೆ, ಅವಳ ಹಳೇ ಫ್ರಾಕಿನಲ್ಲೇ. ಅಧಿಕಾರಿಯನ್ನು ಕಿಟಕಿಯ ಹತ್ತಿರ ಕರೆದು, ಗಿಳಿಯ ಪಕ್ಕ ಫೋಟೋ ಹಿಡಿದು, ಈ ಮಗು ನಾನು, ನಾಳೆಯೂ ಬಂದು ನೋಡಿ ಅನ್ನಬೇಕು ಅಂತಿದ್ದೇನೆ. ಆದರೆ ಫೋಟೋ ನಿನ್ನದು, ಅದರಲ್ಲಿರುವ ಹೆಮ್ಮೆಯೂ ನಿನ್ನದು. ನೀನು ಹೂಂ ಅನ್ನದೆ ಚೀಲದಿಂದ ಅದನ್ನು ತೆಗೆಯಲಾರೆ. ಮಂತ್ರಿಗಳು ಹೋದ ಮಾರನೇ ದಿನ ಆ ಬಾಗಿಲು ತೆರೆದಿತ್ತಾ? ಅಷ್ಟು ಹೇಳು ಸಾಕು. ಫೋನು ಕೈಯಲ್ಲೇ ಹಿಡಿದು ಕೂತಿದ್ದೇನೆ. ವ್ಯಾನು ಬರುವುದರೊಳಗೆ ಮಾಡಮ್ಮಾ, ಬೇಡ ಅನ್ನುವುದಕ್ಕಾದರೂ ಮಾಡು.