ಕೈಪಿಡಿಯ ಮೊದಲನೇ ಪುಟ

ಮನೆಯಿಂದ, ಮಹಡಿಯ ಕೋಣೆ
ಹದಿನಾಲ್ಕನೇ ತಾರೀಕು, ಭಾನುವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಬೆನ್ನುನೋವು ಈಗ ಹೇಗಿದೆ? ಅಪ್ಪನಿಗೆ ನೀನು ಕಳಿಸುವ ಸಂದೇಶಗಳಲ್ಲಿ ‘ಚೆನ್ನಾಗಿದ್ದೀನಿ’ ಎಂಬ ಒಂದೇ ಪದ ಇರುತ್ತದೆ. ಅದರಿಂದ ಬೆನ್ನಿನ ವಿಷಯ ಏನೂ ಗೊತ್ತಾಗುವುದಿಲ್ಲ. ಕುರ್ಚಿಯ ಮೇಲೆ ಕಾಲು ಮಡಚಿ ಕೂರುವ ಅಭ್ಯಾಸವನ್ನಂತೂ ನೀನು ಬಿಟ್ಟಿರುವುದಿಲ್ಲ. ಇಲ್ಲಿ ಎಲ್ಲರೂ ಕ್ಷೇಮ. ಅಪ್ಪ ಕೇರಂನಲ್ಲಿ ನಿನ್ನ ಭಾವನನ್ನು ದಿನವೂ ಸೋಲಿಸುತ್ತಾರೆ, ಆಮೇಲೆ ಅಳಿಯ ಬೇಕೆಂದೇ ಸೋತನೋ ಏನೋ ಎಂದು ನನ್ನ ಹತ್ತಿರ ಬಂದು ವಿಚಾರಿಸುತ್ತಾರೆ. ನಾನು ಇಬ್ಬರ ಪರವೂ ಸುಳ್ಳು ಹೇಳುತ್ತೇನೆ. ಕಂಪ್ಯೂಟರಿನಲ್ಲಿ ಬರೆದಿದ್ದರೆ ನೀನು ಹೆಸರು ನೋಡಿ ಪಕ್ಕಕ್ಕೆ ತಳ್ಳಿಬಿಡುತ್ತಿದ್ದೆ. ಅದಕ್ಕೇ ಕಾಗದ. ಇದನ್ನು ಹರಿಯಬೇಕಾದರೂ ಒಮ್ಮೆ ಕೈಗೆ ತೆಗೆದುಕೊಳ್ಳಲೇಬೇಕಲ್ಲ.

ಈಗ ಸುದ್ದಿ. ಎರಡು ತಿಂಗಳ ಹಿಂದೆ ನಮ್ಮ ಆಫೀಸಿನ ಮುಖ್ಯಸ್ಥರು ಎಲ್ಲರನ್ನೂ ಕರೆದು, ಇನ್ನುಮುಂದೆ ನಾವು ಮಾಡುವ ವೆಬ್‌ಸೈಟುಗಳೆಲ್ಲ ಫ್ರೇಮ್‌ವರ್ಕ್ ಎಂಬ ಒಂದು ಹೊಸ ಸಿದ್ಧ ಅಡಿಪಾಯದ ಮೇಲೆ ನಿಲ್ಲಬೇಕು ಎಂದರು. ಗೋಡೆಯ ಪರದೆಯ ಮೇಲೆ ಅದರ ಹೆಸರು ಮೂಡಿದಾಗ ನನ್ನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ನೀನೂ ನಿನ್ನ ನಾಲ್ವರು ಗೆಳೆಯರೂ ಸೇರಿ ಕಟ್ಟಿದ್ದು. ಅಪ್ಪನ ಊಟದ ಮೇಜಿನ ಮುಂದೆ, ಎಲ್ಲರೆದುರು, ‘ಇದನ್ನ ನಿನ್ನ ಬಿಟ್ಟು ಇನ್ಯಾರೂ ಮುಟ್ಟಲ್ಲ’ ಎಂದು ನಾನು ಅಂದ ಅದೇ ವಸ್ತು. ಅವತ್ತು ನೀನು ಅರ್ಧ ಊಟದಲ್ಲಿ ಕೈ ತೊಳೆದು ಹೋದವನು ಮೂರು ವರ್ಷವಾದರೂ ನನ್ನೊಡನೆ ಮಾತಾಡಿಲ್ಲ. ಈಗ ಅದನ್ನು ಮುಟ್ಟುವ ಸರದಿ ನನ್ನದೇ ಆಯಿತು ನೋಡು. ನಕ್ಕುಬಿಡು, ನಾನು ಕೇಳಿಸಿಕೊಳ್ಳುವುದಿಲ್ಲ.

ಅದಕ್ಕೊಂದು ಕೈಪಿಡಿ ಇದೆ, ಬರೆದವನು ನೀನು ಎಂದು ಕೆಳಗೆ ಹಾಕಿದೆ. ಹೆಮ್ಮೆಯಿಂದಲೇ ತೆರೆದೆ ಎನ್ನೋಣ. ಮೊದಲ ವಾಕ್ಯವೇ ‘ಈಗಾಗಲೇ ಸಿದ್ಧಮಾಡಿಟ್ಟ ಕಡತವನ್ನು ತೆರೆಯಿರಿ’ ಎಂದಿದೆ. ಯಾವ ಕಡತ, ಯಾರು ಸಿದ್ಧಮಾಡಿಟ್ಟದ್ದು, ಎಲ್ಲಿ? ಮೂರನೇ ಅಧ್ಯಾಯ ನೋಡಿ ಎನ್ನುತ್ತೀಯ. ಮೂರನೆಯದು ಏಳನೆಯದರ ಕಡೆ ಕೈ ತೋರಿಸುತ್ತದೆ. ಏಳನೆಯದರಲ್ಲಿ ‘ಈ ಭಾಗವನ್ನು ಸದ್ಯದಲ್ಲೇ ಬರೆಯಲಾಗುವುದು’ ಎಂಬ ಒಂದೇ ಸಾಲು, ಅದರ ಕೆಳಗೆ ಒಂದೂವರೆ ವರ್ಷ ಹಳೆಯ ತಾರೀಕು. ಹತ್ತೊಂಬತ್ತು ವರ್ಷ ಇದೇ ಕೆಲಸ ಮಾಡಿದವಳು ಮೂರು ದಿನ ಆ ಮೂರು ಪುಟಗಳ ನಡುವೆ ಗಾಣದೆತ್ತಿನಂತೆ ಸುತ್ತಿದೆ. ಕೊನೆಗೆ ಆ ಕಡತ ಇಲ್ಲದೆಯೇ ಒಂದು ದಂತ ಚಿಕಿತ್ಸಾಲಯದ ಪುಟ ಕಟ್ಟಿಕೊಟ್ಟೆ, ರೋಗಿಗಳು ತಮ್ಮ ಸಮಯ ತಾವೇ ಗೊತ್ತುಮಾಡಿಕೊಳ್ಳುವಂಥದ್ದು. ಯಾರು ಯಾವ ಗಳಿಗೆ ಒತ್ತಿದರೂ ಅದು ಬೆಳಗಿನ ಒಂಬತ್ತನ್ನೇ ಬರೆದುಕೊಂಡಿತು. ಸೋಮವಾರ ಒಂಬತ್ತಕ್ಕೆ ಮೂವತ್ತೊಂದು ಜನ ಕೆನ್ನೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಸಾಲು ನಿಂತರು. ದಂತವೈದ್ಯರು ಫೋನಿನಲ್ಲಿ ‘ನನಗಿರೋದು ಎರಡೇ ಕೈ ಕಣಮ್ಮಾ’ ಎಂದರು. ಅಷ್ಟೇ ಹೇಳಿದರು, ಆದರೆ ನಮ್ಮ ಮುಖ್ಯಸ್ಥರು ಅಷ್ಟಕ್ಕೇ ಬಿಡಲಿಲ್ಲ. ‘ಅವಳ ಹತ್ರ ಕೂತು ಕಲ್ತ್ಕೊಳ್ಳಿ’ ಎಂದು ನನಗೆ ಪಕ್ಕದ ಮೇಜು ತೋರಿಸಿದರು.

ಪಕ್ಕದ ಮೇಜಿನಲ್ಲಿರುವವಳು ಹೋದ ವರ್ಷ ಸೇರಿದ ಹುಡುಗಿ. ನಾನು ಮನಸ್ಸಿನಲ್ಲೇ ನಗುಮುಖಿ ಎಂದು ಹೆಸರಿಟ್ಟಿದ್ದೇನೆ, ಹೊಗಳಿಕೆ ಎಂದುಕೊಳ್ಳಬೇಡ. ನಿನ್ನ ಕೈಪಿಡಿ ಅವಳಿಗೂ ಅರ್ಥವಾಗಿರಲಿಲ್ಲ. ಆದರೆ ಅರ್ಥವಾಗದಿದ್ದರೆ ಎಲ್ಲಿ ಕೇಳಬೇಕೆಂದು ಅವಳಿಗೆ ಗೊತ್ತಿತ್ತು. ಬಳಸುವವರೆಲ್ಲ ಪ್ರಶ್ನೆ ಬರೆಯುವ ಜಾಲತಾಣದ ಕಟ್ಟೆ ಇದೆಯಲ್ಲ, ಅಲ್ಲಿ ನೀನು ಕೂತಿರುತ್ತೀಯ. ಯಾರು ಕೇಳಿದರೂ ಗಂಟೆಯೊಳಗೆ ಉತ್ತರ. ಅವಳಿಗೆ ನೀನು ಬರೆದದ್ದನ್ನು ಅವಳೇ ನನಗೆ ಓದಿ ಹೇಳಿದಳು: ‘ಅವಸರ ಮಾಡ್ಬೇಡಿ, ಒಂದೊಂದಾಗಿ ನೋಡೋಣ.’ ಆಮೇಲೆ ಕುರ್ಚಿ ತಿರುಗಿಸಿಕೊಂಡು, ‘ಎಷ್ಟು ತಾಳ್ಮೆ ಆ ಮನುಷ್ಯಂಗೆ. ನನಗಂತೂ ಸ್ವಂತ ಅಣ್ಣನ ಥರ’ ಎಂದಳು. ತಮ್ಮಾ, ನನ್ನ ಹೊಟ್ಟೆ ಹೇಗೆ ಉರಿಯಿತೆಂದರೆ ಎದ್ದುಹೋಗಿ ಎರಡು ಲೋಟ ನೀರು ಕುಡಿದೆ. ಅವನು ಯಾರ ತಮ್ಮ ಗೊತ್ತಾ ಎಂದು ಬಾಯಿತುದಿಗೆ ಬಂದಿತ್ತು. ತಮ್ಮನಾದರೆ ಒಂದು ಫೋನ್ ಮಾಡಿ ಕೇಳಬಹುದಲ್ಲ ಎಂದು ಅವಳು ಕೇಳಿದರೆ ಏನು ಹೇಳಲಿ ಎಂದು ನುಂಗಿಕೊಂಡೆ. ನಿನ್ನ ಭಾವ ಮನೆಯಲ್ಲಿ ಅದನ್ನೇ ಕೇಳಿದರು. ಅವರ ಮೇಲೆ ಎರಡು ದಿನ ಗಂಟುಮುಖ ಹಾಕಿಕೊಂಡಿದ್ದೆ.

ಅವತ್ತಿನಿಂದ ಆ ಕಟ್ಟೆಯನ್ನು ಕದ್ದು ಓದುವುದೇ ನನ್ನ ಕೆಲಸವಾಯಿತು. ನೀನು ಯಾರಿಗೆ ಏನು ಬರೆದೆ, ಯಾರ ತಮಾಷೆಗೆ ನಕ್ಕೆ, ಎಲ್ಲ ಲೆಕ್ಕವಿಟ್ಟೆ. ಅದರಲ್ಲೂ ‘ಹಲ್ಲುನೋವು’ ಎಂದು ಹೆಸರಿಟ್ಟುಕೊಂಡು ಒಬ್ಬಳು ಬರುತ್ತಾಳಲ್ಲ, ಅವಳ ಮೇಲೆ ನನಗಿರುವ ಸಿಟ್ಟು ಅಷ್ಟಿಷ್ಟಲ್ಲ. ಹದಿನಾಲ್ಕು ಪ್ರಶ್ನೆ ಕೇಳಿದ್ದಾಳೆ, ಒಂದಕ್ಕೂ ನೀನು ಬೇಸರಪಟ್ಟಿಲ್ಲ. ಹದಿನಾಲ್ಕನೆಯದು ಅದೇ ಸಿದ್ಧಮಾಡಿಟ್ಟ ಕಡತದ ವಿಷಯ. ಎಲ್ಲಕ್ಕೂ ಮೊದಲು ಆ ಕಡತವನ್ನು ನಾವೇ ಖಾಲಿಯಾಗಿ ಸೃಷ್ಟಿಸಿ, ಅದರಲ್ಲಿ ಗಡಿಯಾರದ ಒಂದು ಸಾಲು ಬರೆಯಬೇಕಂತೆ. ಅಷ್ಟೇ ವಿಷಯ. ಅದನ್ನು ಓದಿದ ಮೇಲೆ ನಮ್ಮ ರೋಗಿಗಳು ಒಬ್ಬೊಬ್ಬರಾಗಿ ಬರುತ್ತಿದ್ದಾರೆ. ಆದರೆ ಉತ್ತರದ ಕೊನೆಯಲ್ಲಿ ಅವಳಿಗೆ ಇನ್ನೂ ನಾಲ್ಕು ಮಾತು ಬರೆದಿದ್ದೀಯ: ‘ತಪ್ಪು ನಿಮ್ಮದಲ್ಲ. ಮೊದಲನೇ ಪುಟ ಬರೆಯೋಕೆ ನನಗೆ ಬರಲ್ಲ. ಚಿಕ್ಕಂದಿನಿಂದ ನನಗೆ ಮೊದಲನೇದನ್ನ ಬೇರೆಯವರೇ ಮಾಡಿಕೊಡ್ತಿದ್ರು. ನಿಮಗೆ ಬಿಡುವಿದ್ರೆ ಆ ಪುಟ ನೀವೇ ಬರೆದುಕೊಡ್ತೀರಾ?’

ಬೇರೆಯವರು ಅಂತೆ. ಶೂ ಲೇಸಿನ ಮೊದಲ ಗಂಟು ಹಾಕುತ್ತಿದ್ದವಳು ನಾನು, ಮೇಲಿನ ಕುಣಿಕೆ ಮಾತ್ರ ನೀನು ಹಾಕಿ ‘ನಾನೇ ಕಟ್ಕೊಂಡೆ’ ಎಂದು ಅಮ್ಮನ ಮುಂದೆ ಕಾಲು ಚಾಚುತ್ತಿದ್ದೆ. ಬಾಳೆಹಣ್ಣಿನ ತೊಟ್ಟು ಮುರಿಯುತ್ತಿದ್ದವಳು, ಪೆನ್ಸಿಲ್ ಹೆರೆದಿಡುತ್ತಿದ್ದವಳು, ಲೆಕ್ಕದ ಮೊದಲ ಸಾಲು ಬರೆದು ಪುಸ್ತಕ ನಿನ್ನ ಕಡೆ ತಳ್ಳುತ್ತಿದ್ದವಳು ನಾನು. ನಿನ್ನ ಕೈಪಿಡಿ ಯಾಕೆ ಎರಡನೇ ಹೆಜ್ಜೆಯಿಂದ ಶುರುವಾಗುತ್ತದೆ ಎಂದು ಲೋಕಕ್ಕೆಲ್ಲ ಒಗಟು. ನನಗೆ ಮಾತ್ರ ಅದು ಒಗಟೇ ಅಲ್ಲ. ಅಂಥ ಪುಟವನ್ನು ನೀನು ಮುಖ ಕೂಡ ನೋಡದ ಒಬ್ಬಳ ಕೈಗೆ ಕೊಡಲು ಹೊರಟಿದ್ದೀಯ.

ಒಂದು ಮಾತು ಬಿಚ್ಚಿ ಹೇಳಿಬಿಡುತ್ತೇನೆ. ಅವತ್ತು ಊಟದ ಮೇಜಿನಲ್ಲಿ ನಾನು ಆಡಿದ್ದು ಬುದ್ಧಿಮಾತಲ್ಲ, ಹೊಟ್ಟೆಕಿಚ್ಚು. ವೆಬ್ ಪುಟ ಎಂದರೇನೆಂದು ನಿನಗೆ ಇದೇ ಮಹಡಿಯ ಕೋಣೆಯಲ್ಲಿ, ನನ್ನ ಹಳೆಯ ಕಂಪ್ಯೂಟರಿನ ಮುಂದೆ ಕೂರಿಸಿಕೊಂಡು ತೋರಿಸಿದವಳು ನಾನು. ನೀನು ಹೊಸದೇನೋ ಕಟ್ಟಲು ಹೊರಟು ಮೊದಲು ಆ ನಾಲ್ವರಿಗೆ ಹೇಳಿದೆ, ನನಗೆ ತೋರಿಸಿದ್ದು ಆರು ತಿಂಗಳ ಮೇಲೆ, ಅದೂ ಎಲ್ಲರ ಜೊತೆಗೆ. ಅದು ನನಗೆ ತಡೆಯಲಾಗಲಿಲ್ಲ. ನೀನು ಕಟ್ಟಿದ್ದು ಚೆನ್ನಾಗಿದೆ. ಕೈಪಿಡಿ ಕೆಟ್ಟದಾಗಿದೆ, ವಸ್ತು ಚೆನ್ನಾಗಿದೆ. ಅವತ್ತೇ ಹೇಳಬೇಕಿತ್ತು, ತಪ್ಪಾಯಿತು.

ಬೆನ್ನಿಗೆ ದಿಂಬು ಇಟ್ಟುಕೊಂಡು ಕೂರು. ಅಪ್ಪನ ಆಶೀರ್ವಾದ, ಭಾವನ ನೆನಪುಗಳು. ನನ್ನದು ನಿನಗೆ ಗೊತ್ತೇ ಇದೆ.

ಇಂತು ನಿನ್ನ
ಅಕ್ಕ

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಬಿಡಿಸಿದೆ. ಹಲ್ಲುನೋವು ನಾನೇ. ನನ್ನ ಹೆಸರಿನಲ್ಲಿ ಕೇಳಿದರೆ ನೀನು ಉತ್ತರಿಸುತ್ತೀಯೋ ಇಲ್ಲವೋ ಎಂಬ ಹೆದರಿಕೆಗೆ ಹಾಗೆ ಮಾಡಿದೆ. ಅವಳ ಮೇಲಿನ ಹೊಟ್ಟೆಕಿಚ್ಚು ಮಾತ್ರ ಸುಳ್ಳಲ್ಲ. ಮೂರು ವರ್ಷದಲ್ಲಿ ನನಗೆ ಬರೆಯದ ಮಾತನ್ನು ನೀನು ಅವಳಿಗೆ ಬರೆದೆ, ಓದಿ ಅತ್ತವಳು ನಾನು. ಇದರ ಜೊತೆ ಇರುವ ಹಾಳೆ ನಿನ್ನ ಕೈಪಿಡಿಯ ಮೊದಲನೇ ಪುಟ, ನಾಲ್ಕು ಸಲ ತಿದ್ದಿದ್ದೇನೆ. ಕೆಳಗೆ ಬರೆದವರ ಹೆಸರಿನ ಜಾಗ ಖಾಲಿ ಬಿಟ್ಟಿದ್ದೇನೆ. ಹಲ್ಲುನೋವು ಎಂದು ಹಾಕಬೇಡ. ಅಲ್ಲಿ ಅಕ್ಕ ಎಂದು ನೀನೇ ಬರೆ.