ನಮ್ಮ ಮನೆಯಲ್ಲಿ ಇರುವುದು ಒಂದೇ ಕೋಣೆ

ಆನ್‌ಲೈನ್ ಪ್ರೌಢಶಾಲೆಯ ಭಾಷೆ ಮತ್ತು ಸಾಹಿತ್ಯ ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನಿಮ್ಮ ಮನೆಯ ಒಂದು ಕೋಣೆಯನ್ನು ವರ್ಣಿಸಿ ಎಂದು ಕೇಳಿದಿರಿ. ನಾನೂ ನನ್ನ ಸೊಸೆಯೂ ವರ್ಣಿಸಿದೆವು. ಎರಡು ವರ್ಣನೆಗಳೂ ಒಂದೇ ಥರ ಇವೆ, ಆದ್ದರಿಂದ ನಮ್ಮಿಬ್ಬರಲ್ಲಿ ಒಬ್ಬಳು ಕಳ್ಳಿ ಎಂದು ತೀರ್ಮಾನಿಸಿದಿರಿ. ಮಾನ್ಯರೇ, ನಮ್ಮ ಮನೆಯಲ್ಲಿ ಇರುವುದು ಒಂದೇ ಕೋಣೆ. ಅದನ್ನು ಬಿಟ್ಟು ನಾವು ಇನ್ಯಾವುದನ್ನು ವರ್ಣಿಸಬೇಕಿತ್ತು? ಪಕ್ಕದ ಮನೆಯವರದನ್ನೇ? ಆ ಪ್ರಶ್ನೆಯನ್ನು ಬರೆದವರ ಮನೆಯಲ್ಲಿ ಎಷ್ಟು ಕೋಣೆಗಳಿವೆಯೋ ನಾನು ಕಾಣೆ. ‘ನಿಮಗೆ ಇಷ್ಟವಾದ ಒಂದು ಕೋಣೆಯನ್ನು ಆರಿಸಿಕೊಳ್ಳಿ’ ಎಂದು ಎಷ್ಟು ಸಲೀಸಾಗಿ ಬರೆದಿದ್ದಾರೆ. ನಮ್ಮಲ್ಲಿ ಆರಿಸುವುದೇನಿದ್ದರೂ ಅಕ್ಕಿಯೊಳಗಿನ ಕಲ್ಲು.

ಇದನ್ನು ನಿಮಗೇ ನೇರವಾಗಿ ಬರೆಯಬಹುದಿತ್ತಲ್ಲ, ಬಹಿರಂಗ ಪತ್ರ ಬರೆದು ಊರಿಗೆಲ್ಲ ಯಾಕೆ ಸಾರುತ್ತಿದ್ದೀಯಮ್ಮ ಎಂದು ಕೇಳುತ್ತೀರೇನೋ. ನೀವು ಕಳಿಸುವ ಪ್ರತಿ ಪತ್ರದ ಅಡಿಯಲ್ಲೂ ‘ಇದಕ್ಕೆ ಉತ್ತರಿಸಬೇಡಿ’ ಎಂದಿರುತ್ತದೆ. ಉತ್ತರ ಬರೆಯುವುದನ್ನು ಕಲಿಸುವ ಶಾಲೆಯೇ ಉತ್ತರ ಬೇಡ ಎಂದರೆ ಬೀದಿಯಲ್ಲಿ ನಿಂತು ಕೂಗದೆ ಬೇರೆ ದಾರಿ ಯಾವುದಿದೆ, ನೀವೇ ಹೇಳಿ.

ನಾನು ಆಸ್ಪತ್ರೆಯೊಂದರ ಒಗೆತದ ವಿಭಾಗದಲ್ಲಿ ಹಾಸಿಗೆಯ ಬಟ್ಟೆ ಮಡಚುವವಳು. ಓದು ಏಳನೆಯ ತರಗತಿಗೆ ನಿಂತಿತು. ಓದುವ ಚಟ ಮಾತ್ರ ನಿಲ್ಲಲಿಲ್ಲ. ರೋಗಿಗಳ ಕಡೆಯವರು ಬಿಟ್ಟುಹೋದ ಪತ್ರಿಕೆ, ವಾರದ ಹಳೆಯ ಪುರವಣಿ, ಔಷಧದ ಡಬ್ಬಿಯೊಳಗಿನ ಚೀಟಿ, ಕೈಗೆ ಸಿಕ್ಕಿದ್ದನ್ನೆಲ್ಲ ಓದುತ್ತೇನೆ. ನನ್ನ ಸೊಸೆ ಶಿಶುವಿಹಾರವೊಂದರಲ್ಲಿ ಆಯಾ. ಮಕ್ಕಳ ಮೂಗು ಒರೆಸುವುದು, ಊಟ ಮಾಡಿಸುವುದು, ಮಲಗಿಸುವುದು ಅವಳ ಕೆಲಸ. ಮಲಗಿಸಲು ಅವಳು ಹೇಳುವ ಕಥೆಗೆ ಮಕ್ಕಳು ಮಲಗುವುದೇ ಇಲ್ಲವಂತೆ. ಹತ್ತನೆಯ ತರಗತಿ ಮುಗಿಸಿದರೆ ಅಲ್ಲೇ ಟೀಚರ್ ಮಾಡುತ್ತೇನೆ, ಈ ತಿಂಗಳೊಳಗೆ ಎಲ್ಲಾದರೂ ಸೇರಿ ಪಾಠ ಶುರು ಮಾಡಿದ್ದನ್ನು ತೋರಿಸಿದರೆ ಸಾಕು, ಅಲ್ಲಿಯವರೆಗೆ ಜಾಗ ಖಾಲಿ ಇಡುತ್ತೇನೆ ಎಂದು ಅಲ್ಲಿನ ಮುಖ್ಯಸ್ಥೆ ಮಾತು ಕೊಟ್ಟಿದ್ದಾರೆ. ಹಾಗಾಗಿ ಸೇರಬೇಕಾದವಳು ಅವಳು. ನಾನು ಬಾಲದ ಹಾಗೆ ಹಿಂದೆ ಸೇರಿಕೊಂಡೆ. ‘ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ’ ಎನ್ನುತ್ತಾರೆ, ನಮಗೆ ಇಬ್ಬರಿಗೂ ಒಂದೇ ಕಾಲ ಬಂತು ಎಂದು ನಗಾಡಿದೆವು. ಅಮ್ಮನೂ ಹೆಂಡತಿಯೂ ಒಂದೇ ಕ್ಲಾಸಾದರೆ ಜಗಳವಾದಾಗ ಬೆಂಚು ಬೇರೆ ಮಾಡುವುದು ಹೇಗೆ ಎಂದು ನನ್ನ ಮಗ ರೇಗಿಸಿದ. ಫೋನು ಅವನದು. ಸಂಜೆ ಕೆಲಸದಿಂದ ಬಂದವನೇ ಅದನ್ನು ನಮ್ಮ ಕೈಗಿಟ್ಟು ಹೊರಗೆ ಕಟ್ಟೆಯ ಮೇಲೆ ಕೂರುತ್ತಿದ್ದ. ಇಬ್ಬರಿಗೆ ಒಂದೇ ಫೋನು ಆಗುತ್ತದೆಯೇ ಎಂದು ನಿಮ್ಮ ಸಹಾಯವಾಣಿಯನ್ನು ಮೊದಲೇ ಕೇಳಿದ್ದೆವು. ಆ ಕಡೆಯ ಹುಡುಗಿ ಧಾರಾಳವಾಗಿ ಆಗುತ್ತದಮ್ಮ ಎಂದಿದ್ದಳು.

ನಿಮ್ಮ ಕೋರ್ಸಿನಲ್ಲಿ ಮೊದಲ ಪಾಠಕ್ಕಿಂತ ಮುಂಚೆ ‘ಬನ್ನಿ, ಆರಂಭಿಸೋಣ’ ಎಂಬ ಭಾಗವೊಂದಿದೆ. ಮೂಗಿಗಿಂತ ಮೂಗುತಿ ಭಾರ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಮೊದಲು ನೀಲಿ ಕೋಟಿನ ಹೆಂಗಸೊಬ್ಬಳು ಕೈಬೀಸಿ ಸ್ವಾಗತಿಸುತ್ತಾಳೆ. ಆಮೇಲೆ ಗುಂಡಗಿನ ಚೌಕಟ್ಟಿನೊಳಗೆ ಮುಖ ತೂರಿಸಿ ಕಣ್ಣು ಮಿಟುಕಿಸಬೇಕು. ನಾನು ಮಿಟುಕಿಸಿದ್ದು ಅದಕ್ಕೆ ಸಾಲದೆ, ಸೊಸೆ ಪಕ್ಕದಲ್ಲಿ ನಿಂತು ಚಿಟಿಕೆ ಹೊಡೆದಳು. ಆಮೇಲೆ ಪ್ರಾಮಾಣಿಕತೆಯ ಪ್ರತಿಜ್ಞೆ. ಎಲ್ಲ ಮುಗಿಯಿತು ಎನ್ನುವಾಗ ಈ ಕೋಣೆಯ ವರ್ಣನೆ. ಅದು ಒಪ್ಪಿಗೆಯಾಗುವವರೆಗೆ ಮೊದಲ ಪಾಠದ ಮೇಲೆ ಬೀಗದ ಚಿತ್ರ. ನಾವು ಮಾಡಿದ ತಪ್ಪೇನೆಂದರೆ ಪ್ರತಿಜ್ಞೆಯನ್ನು ನಿಜವೆಂದೇ ನಂಬಿದ್ದು. ಇಬ್ಬರೂ ಸೇರಿ, ನೀನು ಒಲೆಯ ಬಗ್ಗೆ ಬರಿ, ನಾನು ಕಿಟಕಿಯ ಬಗ್ಗೆ ಬರೀತೀನಿ ಎಂದು ಹಂಚಿಕೊಂಡಿದ್ದರೆ ಎರಡು ವರ್ಣನೆಗಳೂ ಬೇರೆ ಬೇರೆ ಆಗುತ್ತಿದ್ದವು, ಬೀಗ ತೆರೆಯುತ್ತಿತ್ತು. ಮಾತಾಡಿಕೊಳ್ಳಬಾರದು ಎಂದಿದ್ದಿರಲ್ಲ, ಬೆನ್ನಿಗೆ ಬೆನ್ನು ಮಾಡಿ ಕೂತು ಮೊದಲು ಕಾಗದದ ಮೇಲೆ ಬರೆದು, ಆಮೇಲೆ ಒಬ್ಬೊಬ್ಬರಾಗಿ ಫೋನಿಗೆ ಇಳಿಸಿದೆವು. ಅವಳಂತೂ ಮೊಣಕೈ ಅಡ್ಡ ಇಟ್ಟುಕೊಂಡು ಬರೆದಳು. ಮಾತಾಡಿಕೊಳ್ಳದ ತಪ್ಪಿಗೆ ಸಿಕ್ಕಿಬಿದ್ದೆವು.

ಕೆಲವು ದಿನಗಳ ಮೇಲೆ ನಿಮ್ಮ ಪತ್ರ ಬಂತು. ಎರಡು ಬರಹಗಳನ್ನೂ ಅಕ್ಕಪಕ್ಕ ಇಟ್ಟು, ಒಂದೇ ರೀತಿ ಇರುವ ಕಡೆಗೆಲ್ಲ ಹಳದಿ ಬಳಿದಿದ್ದಿರಿ. ಕಿಟಕಿಯ ಒಂದು ಬಾಗಿಲು ಮುಚ್ಚುವುದಿಲ್ಲ, ಅದಕ್ಕೆ ಹಗ್ಗ ಕಟ್ಟಿದ್ದೇವೆ. ಹಳದಿ. ಮಳೆಗಾಲದಲ್ಲಿ ಮೂಲೆಯ ಗೋಡೆ ಉಬ್ಬುತ್ತದೆ. ಹಳದಿ. ಇಬ್ಬರೂ ಆ ಹಗ್ಗವನ್ನು ಕಂಡಿದ್ದೇವೆ ಮಾನ್ಯರೇ, ಇಬ್ಬರ ಹಾಸಿಗೆಯೂ ಆ ಮೂಲೆಯಲ್ಲೇ ನೆನೆದಿದೆ. ನಕಲು ಹುಡುಕುವ ನಿಮ್ಮ ಯಂತ್ರ ಎಲ್ಲಕ್ಕಿಂತ ಗಾಢವಾಗಿ ಬಳಿದದ್ದು ಈ ಸಾಲಿಗೆ: ‘ಕಾಲು ಚಾಚಿದರೆ ಗೋಡೆ, ಕೈ ಚಾಚಿದರೆ ಒಲೆ.’ ಇದನ್ನು ಸೊಸೆಯೂ ಬರೆದಿದ್ದಾಳೆ, ನಾನೂ ಬರೆದಿದ್ದೇನೆ. ಕದ್ದ ಮಾಲು ಎನ್ನುವುದೇನೋ ನಿಜ, ಯಾಕೆಂದರೆ ಅದು ನನ್ನ ಗಂಡನ ಮಾತು. ಮನೆಗೆ ಯಾರು ಬಂದರೂ ನಾಚಿಕೆ ಮುಚ್ಚಿಕೊಳ್ಳಲು ಅದನ್ನೇ ಹೇಳಿ ನಗುತ್ತಿದ್ದರು. ಅವರು ತೀರಿಕೊಂಡ ಮೇಲೂ ಮಾತು ಮನೆಯಲ್ಲೇ ಉಳಿದುಕೊಂಡಿದೆ, ಹೋಗಲು ಬೇರೆ ಕೋಣೆ ಇಲ್ಲ. ಸೊಸೆ ಈ ಮನೆಗೆ ಬಂದು ಹತ್ತು ವರ್ಷವಾಯಿತು. ಇಷ್ಟು ವರ್ಷ ಒಂದೇ ಒಲೆಯ ಮುಂದೆ ನಿಂತವರ ಮಾತು ಒಂದರ ಹಾಗೆ ಒಂದು ಆಗದೆ ಇನ್ನೇನಾಗುತ್ತದೆ? ಭಾಷೆಯನ್ನು ಕಲಿಯುವುದು ಹಾಗೆಯೇ ಅಲ್ಲವೇ? ಇದು ಭಾಷಾ ವಿಭಾಗದವರಿಗೆ ನಾನು ಕೇಳಬೇಕಾದ ಪ್ರಶ್ನೆಯೇ?

ಅವಳ ಬರಹವನ್ನು ನಾನು ಮೊದಲ ಸಲ ಓದಿದ್ದು ನಿಮ್ಮ ಆ ಆರೋಪಪತ್ರದಲ್ಲಿ. ಹಳದಿಯ ನಡುವೆ ಒಂದು ಕಡೆ ಬಣ್ಣವಿಲ್ಲದೆ ಬೆಳ್ಳಗೆ ಮೂರು ಸಾಲುಗಳಿದ್ದವು. ‘ಮಲಗುವಾಗ ನನ್ನ ಅತ್ತೆ ಯಾವಾಗಲೂ ಗೋಡೆಯ ಕಡೆ ತಿರುಗಿಕೊಳ್ಳುತ್ತಾರೆ. ಆ ಮಗ್ಗುಲಿಗೆ ಅವರ ಭುಜ ನೋಯುತ್ತದೆ ಎಂದು ನನಗೆ ಗೊತ್ತು. ನಮಗಾಗಿ ಒಂದು ಕೋಣೆಯನ್ನು ಅವರು ಹಾಗೆ ಕಟ್ಟಿಕೊಡುತ್ತಾರೆ.’ ಓದಿ ಫೋನನ್ನು ಕೆಳಗಿಟ್ಟೆ. ನಾನು ಯಾರಿಗೂ ಹೇಳದ ವಿಷಯ ಅದು, ಹೇಳುವಂಥದ್ದೂ ಅಲ್ಲ. ಅದನ್ನು ಅವಳು ಕಂಡಿದ್ದಳು, ಕಂಡೂ ಹತ್ತು ವರ್ಷ ಬಾಯಿ ಬಿಟ್ಟಿರಲಿಲ್ಲ. ಅಳು ಬಂತು. ನಿಮ್ಮ ವಿಭಾಗದ ಹೆಸರಿನಲ್ಲಿ ಸಾಹಿತ್ಯ ಎಂಬ ಪದವಿದೆ. ಆ ಮೂರು ಸಾಲನ್ನು ಬರೆದವಳು ಇನ್ನೊಬ್ಬರದನ್ನು ನೋಡಿ ಬರೆಯುವವಳಲ್ಲ ಎಂದು ನಿಮ್ಮಲ್ಲಿ ಒಬ್ಬರಿಗೂ ಅನ್ನಿಸಲಿಲ್ಲವೇ? ಅಥವಾ ನಿಮ್ಮಲ್ಲಿ ಯಾರೂ ಓದಲೇ ಇಲ್ಲವೇ? ಎತ್ತು ಈಯಿತು ಎಂದು ಯಂತ್ರ ಹೇಳಿತು, ಕೊಟ್ಟಿಗೆಯಲ್ಲಿ ಕಟ್ಟು ಎಂದು ನೀವು ಹೇಳಿದಿರಿ, ಅಷ್ಟೇ ಆಗಿರಬೇಕು.

ರಜೆ ಹಾಕಿ ನಿಮ್ಮ ಕಚೇರಿಗೇ ಬಂದೆ. ಇದು ಆನ್‌ಲೈನ್ ಶಾಲೆ, ಇಲ್ಲಿಗೆ ಯಾರೂ ಬರುವ ಹಾಗಿಲ್ಲ ಎಂದು ಬಾಗಿಲಲ್ಲೇ ಕಾವಲುಗಾರ ತಡೆದ. ಹಾಗಾದರೆ ನೀನು ಯಾರನ್ನು ಕಾಯುತ್ತಿದ್ದೀಯಪ್ಪ ಎಂದು ಕೇಳಿದೆ. ಅವನಿಗೂ ಅದು ಗೊತ್ತಿರಲಿಲ್ಲ, ಪಾಪ, ಕೂರಲು ತನ್ನ ಕುರ್ಚಿ ಕೊಟ್ಟ. ಮಧ್ಯಾಹ್ನದ ಹೊತ್ತಿಗೆ ನಿಮ್ಮ ಕೈಕೆಳಗಿನವರೊಬ್ಬರು ಕೊರಳಲ್ಲಿ ಗುರುತಿನ ಚೀಟಿ ನೇತುಹಾಕಿಕೊಂಡು ಹೊರಗೆ ಬಂದರು. ಒರಟರೇನಲ್ಲ. ಇಬ್ಬರಲ್ಲಿ ಒಬ್ಬರು ನಕಲು ಮಾಡಿದ್ದೇನೆ ಎಂದು ಒಪ್ಪಿಕೊಂಡರೆ ಇನ್ನೊಬ್ಬರ ಬೀಗ ತಾನಾಗಿ ತೆರೆಯುತ್ತದೆ, ಒಪ್ಪಿಕೊಂಡವರಿಗೆ ಎರಡು ವರ್ಷ ಪ್ರವೇಶವಿಲ್ಲ, ಯಾರೂ ಒಪ್ಪಿಕೊಳ್ಳದಿದ್ದರೆ ಶುಕ್ರವಾರಕ್ಕೆ ಇಬ್ಬರದೂ ರದ್ದು ಎಂದು ತಿಳಿಸಿ ಹೇಳಿದರು.

“ಇಬ್ಬರೂ ಮಾಡಿಲ್ಲ ಅಂದ್ರೆ?” ಎಂದೆ.

“ಅದಕ್ಕೆ ಕಂಪ್ಯೂಟರಿನಲ್ಲಿ ಆಯ್ಕೆ ಇಲ್ಲಮ್ಮ,” ಎಂದರು.

ನೆರೆಹೊರೆಯ ಮಕ್ಕಳು ಗಾಜು ಒಡೆದಾಗ ಇಬ್ಬರಿಗೂ ಎರಡೆರಡು ಬಾರಿಸುವವರನ್ನು ನಾನು ಕಂಡಿದ್ದೇನೆ. ಗಾಜೇ ಒಡೆಯದಿದ್ದಾಗ, ಒಬ್ಬನನ್ನು ಒಪ್ಪಿಸಿ ಇನ್ನೊಬ್ಬನಿಗೆ ಮಿಠಾಯಿ ಕೊಡುವವರನ್ನು ಕಂಡಿರಲಿಲ್ಲ. ನಾನು ದಾರಿಯಲ್ಲೇ ನಿರ್ಧಾರ ಮಾಡಿದ್ದೆ. ಕೆಲಸ ಅವಳದು, ಅಗತ್ಯ ಅವಳದು. ನನಗೆ ಆಗಬೇಕಾದ್ದೇನು? ಕಳ್ಳಿ ಎಂದು ಬರೆದುಕೊಟ್ಟರೆ ಆಸ್ಪತ್ರೆಯ ಹಾಸಿಗೆ ಬಟ್ಟೆಗಳೇನೂ ನನ್ನ ಕೈಯಲ್ಲಿ ಮಡಚಿಸಿಕೊಳ್ಳುವುದಿಲ್ಲ ಎನ್ನುವುದಿಲ್ಲ. ಮನೆಗೆ ಬಂದು ಹಾಗೆಂದು ಹೇಳಿದೆ. ಅವಳು ಪಾತ್ರೆ ತೊಳೆಯುತ್ತಿದ್ದಳು, ತಿರುಗಿಯೂ ನೋಡಲಿಲ್ಲ. ಮಾರನೆಯ ದಿನ ಸಂಜೆ ಫೋನು ತೆಗೆದರೆ ನನ್ನ ಪಾಠದ ಮೇಲಿನ ಬೀಗ ಹೋಗಿತ್ತು. ಬೆಳಗ್ಗೆ, ನನ್ನ ಮಗ ಫೋನು ತೆಗೆದುಕೊಂಡು ಹೊರಡುವ ಮೊದಲೇ ಅವಳು ಒಪ್ಪಿಕೊಂಡುಬಿಟ್ಟಿದ್ದಳು. ನಾನು ಬೈದೆ. ಮೂರ್ಖಿ ಎಂದೆ, ನಿನಗೆ ಬುದ್ಧಿ ಎಲ್ಲಿ ಮೇಯಲು ಹೋಗಿತ್ತು ಎಂದೆ, ಟೀಚರ್ ಕೆಲಸವನ್ನು ಕೈಯಾರೆ ಕಳೆದುಕೊಂಡೆಯಲ್ಲೇ ಎಂದೆ. ಎಲ್ಲ ಮುಗಿಯುವವರೆಗೆ ಕೇಳಿಸಿಕೊಂಡು ಆಮೇಲೆ ಹೇಳಿದಳು:

“ನಿಮ್ಮನ್ನ ಕಳ್ಳಿ ಅಂತ ಬರೆಸಿ, ನಾನು ಹೋಗಿ ಮಕ್ಕಳಿಗೆ ಪಾಠ ಹೇಳ್ಲಾ ಅತ್ತೆ?”

ನಿಮ್ಮ ಸಂಸ್ಥೆಯ ಅಪ್ರಾಮಾಣಿಕರ ಪಟ್ಟಿಯಲ್ಲಿ ಈಗ ಇರುವ ಹೆಸರು ಈಕೆಯದು.

ಇನ್ನು ಪಾಠದ ವಿಷಯ. ಮೊದಲ ಪಾಠ ಒಂದು ಚಿಕ್ಕ ಕಥೆ. ಮನೆ ಬಿಟ್ಟು ಹೊರಡುವ ಹೆಂಗಸೊಬ್ಬಳು ಬಾಗಿಲವರೆಗೆ ಬಂದು, ದೀಪ ಆರಿಸದೆಯೇ ಹೋಗಿಬಿಡುತ್ತಾಳೆ. ಯಾಕೆ ಆರಿಸಲಿಲ್ಲ, ನಿಮ್ಮ ಮಾತಿನಲ್ಲಿ ವಿವರಿಸಿ ಎಂಬುದು ಪ್ರಶ್ನೆ. ನಾನು ಕಥೆಯನ್ನು ಗಟ್ಟಿಯಾಗಿ ಓದಿದೆ. ಸೊಸೆ ಪಕ್ಕದಲ್ಲಿ ಕೂತು ಗಂಡನ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು. ಒಂದೇ ಕೋಣೆ ಮಾನ್ಯರೇ, ಕಿವಿ ಮುಚ್ಚಿಕೊ ಎನ್ನಲಾದೀತೇ? ಗಡಿಬಿಡಿಯಲ್ಲಿ ಮರೆತಿರಬೇಕು ಎಂದೆ ನಾನು. ನನಗೆ ತೋಚಿದ್ದು ಅಷ್ಟೇ. ಅವಳು ಹಲ್ಲಿನಲ್ಲಿ ದಾರ ಕಡಿದು, “ಆರಿಸಿದ್ರೆ ಹೋಗ್ತಿರೋದು ನಿಜ ಆಗ್ಬಿಡುತ್ತಲ್ಲ ಅತ್ತೆ,” ಎಂದಳು. ಅಷ್ಟು ಹೇಳಿ ಇನ್ನೊಂದು ಗುಂಡಿ ಎತ್ತಿಕೊಂಡಳು.

ಅವಳ ಆ ಉತ್ತರವನ್ನು ನಾನು ಒಂದಕ್ಷರ ಬಿಡದೆ ಬರೆದು ನಿಮಗೆ ಕಳಿಸಿದೆ. ಬೇಕೆಂದೇ ಕಳಿಸಿದೆ, ಅವಳಿಗೆ ಹೇಳಲಿಲ್ಲ. ಈ ಪತ್ರ ನೋಡಿದರೆ ಜಗಳವಾಡುತ್ತಾಳೆ, ಆಡಲಿ. ಆ ಉತ್ತರ ಪೂರ್ತಿ ನಕಲು, ಮಾನ್ಯರೇ, ಬಾಲ್ಯದಿಂದ ಇಲ್ಲಿಯವರೆಗೆ ನಾನು ಮಾಡಿದ ಮೊದಲ ನಕಲು. ನಿಮ್ಮ ಯಂತ್ರ ಅದನ್ನು ಹಿಂದೆಮುಂದೆ ತಿರುಗಿಸಿ ನೋಡಿತು. ಹೋಲಿಸಲು ಅವಳ ಬರಹ ಅದರ ಬಳಿ ಇರಲಿಲ್ಲ, ಅವಳನ್ನು ನೀವೇ ಹೊರಗೆ ಹಾಕಿದ್ದೀರಿ. ಒಂದು ಚುಕ್ಕೆ ಹಳದಿಯೂ ಇಲ್ಲದೆ ಉತ್ತರ ವಾಪಸು ಬಂತು. ಮೇಲೆ ಹೀಗೆ ಬರೆದಿತ್ತು: ‘ಸಂಪೂರ್ಣ ಸ್ವಂತ ಬರಹ. ಅತ್ಯುತ್ತಮ.’

ಈಗ ನನ್ನ ಬೇಡಿಕೆ. ಇಬ್ಬರಲ್ಲಿ ಒಬ್ಬಳು ನಕಲು ಮಾಡಿರಲೇಬೇಕು ಎಂದಿರಿ, ಒಬ್ಬಳು ಮಾಡಿದ್ದಾಳೆ. ಒಪ್ಪಿಗೆ ಬೇಕು ಎಂದಿರಿ, ಊರೆಲ್ಲ ಓದುವ ಹಾಗೆ ಒಪ್ಪಿಕೊಂಡಿದ್ದೇನೆ. ನಿಮ್ಮ ನಿಯಮದ ಪ್ರಕಾರವೇ ನನ್ನನ್ನು ಹೊರಗೆ ಹಾಕಿ, ಅವಳ ಹೆಸರನ್ನು ಆ ಪಟ್ಟಿಯಿಂದ ಹೊಡೆದು, ಈ ತಿಂಗಳು ಮುಗಿಯುವುದರೊಳಗೆ ಅವಳ ಬೀಗ ತೆಗೆಯಿರಿ. ನೀವು ಕೊಟ್ಟ ‘ಅತ್ಯುತ್ತಮ’ ಅವಳಿಗೆ ಸೇರಿದ್ದು. ಮೊದಲು ಅದನ್ನು ಅವಳ ಲೆಕ್ಕಕ್ಕೆ ಬರೆದುಕೊಳ್ಳಿ.

ಇಂತಿ,
ನಿಮ್ಮ ದಾಖಲೆಯ ಪ್ರಕಾರ ಇಂದಿಗೂ ಪ್ರಾಮಾಣಿಕಳೇ ಆಗಿರುವ
ಅತ್ತೆ