ಹನ್ನೊಂದನೆಯ ಹಾಳೆ

ಪರಶುರಾಮ,

ಸತ್ತವರಿಗೆ ಅಂಚೆಯಿಲ್ಲ, ಹಾಗಾಗಿ ಬರೆಯಲು ನನಗೆ ಅಂಜಿಕೆಯಿಲ್ಲ. ನೀನು ಬದುಕಿದ್ದಾಗಲೇ ಆರು ವರ್ಷ ಮಾತು ಬಿಟ್ಟ ಗೆಳೆಯ ನಾನು.

ಇವತ್ತು ಬೆಳಿಗ್ಗೆ ನಿನ್ನ ತಂಗಿ ದುರ್ಗಾಂಬಿಕಾ ಬಿಳಿಚೋಡಿನಿಂದ ಹೊನ್ನಾಳಿಗೆ ಬಂದು ನಿನ್ನ ಡ್ರಾಯಿಂಗ್ ಪುಸ್ತಕ ಕೊಟ್ಟಳು. "ನಿಮ್ಮ ಅಪ್ಪಾರ ಚಿತ್ರ ಅದಾವೆ ಅಣ್ಣಾ. ಇವನ್ನ ನೋಡ್ಕೊಂಡು ದೊಡ್ಡ ಬಣ್ಣದ ಚಿತ್ರ ಮಾಡಾಕೆ ಇಟ್ಕಂಡಿದ್ದ, ಆಗ್ಲಿಲ್ಲ. ಬ್ಯಾಡಂದ್ರೆ ಒಲೆಗೆ ಹಾಕ್ರಿ," ಎಂದಳು. ನಿಮ್ಮ ಮನೆಯಲ್ಲಿ ನೇರ ಮಾತು ಅವಳೊಬ್ಬಳದೇ.

ಅವೇ ಪೆನ್ಸಿಲ್ ಚಿತ್ರಗಳು. ಕೊನೆಯ ವಾರ ಬಿಳಿಚೋಡಿನ ನಮ್ಮ ಮನೆಯಲ್ಲಿ ಅಪ್ಪ ಉಸಿರಿಗೆ ಒದ್ದಾಡುತ್ತಿದ್ದಾಗ ಮಂಚದ ಪಕ್ಕ ಕೂತು ನೀನು ಗೀಚಿದೆ. ಅದನ್ನು ಕಂಡು ನಾನು ಕಿರುಚಿದೆ. "ಸಾಯೋರು ನಿಂಗೆ ಮಾಡೆಲ್ ಏನಲೇ?" ಎಂದು ಹೊರಗೆ ಹಾಕಿದೆ. ಅದಕ್ಕೆ ಈಗಲೂ ಕ್ಷಮೆ ಕೇಳುವುದಿಲ್ಲ. ನಾನು ದಿನವೂ ಮಾತ್ರೆ ತರಲು ಜಗಳೂರಿಗೆ ಹೋಗಿ ಸಂಜೆ ಬರುತ್ತಿದ್ದೆ. ಔಷಧಿ ಅಂಗಡಿ ಬಿಳಿಚೋಡಿನಲ್ಲೇ ಇತ್ತು.

ಹತ್ತು ಹಾಳೆಗಳಲ್ಲಿ ಅಪ್ಪನ ಕುತ್ತಿಗೆ, ಎದೆಗೂಡು, ಪಾದ. ಪಾದ ಚೆನ್ನಾಗಿ ಬಂದಿಲ್ಲ. ಹನ್ನೊಂದನೆಯದರಲ್ಲಿ ಅಪ್ಪನ ಕೈ ಯಾರದೋ ಎಡಗೈಯನ್ನು ಬಿಗಿಯಾಗಿ ಹಿಡಿದಿದೆ. ಹೊರಗೆ ಚಾಚಿದ ಸೊಟ್ಟ ಕಿರುಬೆರಳಿನಿಂದ ಗುರುತು ಸಿಕ್ಕಿತು. ಕಬಡ್ಡಿಯಲ್ಲಿ ಮುರಿದುಕೊಂಡಿದ್ದೆಯಲ್ಲ, ಅದು. ಒಂದು ಕೈ ಅಪ್ಪನಿಗೆ ಕೊಟ್ಟು, ಇನ್ನೊಂದರಲ್ಲಿ ಬರೆದಿದ್ದೀಯ.

ಸಿಟ್ಟು ಬಂತು. ಮಗಳ ರಬ್ಬರ್ ತಂದು ನಿನ್ನನ್ನು ಅಳಿಸಲು ಕೂತೆ. ಕಿರುಬೆರಳು ಹೋಯಿತು. ಉಳಿದವು ಅಪ್ಪನ ಹಿಡಿತದೊಳಗಿದ್ದವು. ಅವನ್ನು ಅಳಿಸಿದರೆ ಅಪ್ಪನ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಈಗ ಆ ಕಿರುಬೆರಳನ್ನು ಮತ್ತೆ ಬರೆಯಲು ನೋಡುತ್ತಿದ್ದೇನೆ. ಎಷ್ಟು ಸಲ ಬರೆದರೂ ನೆಟ್ಟಗೇ ಬರುತ್ತಿದೆ, ಹಾಳಾದ್ದು.